ಸೂಜಿ ಚುಚ್ಚಿದ ಮೇಲೆ ಏನು ಮಾಡಬೇಕು? ಹೆಪಟೈಟಿಸ್ ಸಿ ಬಗ್ಗೆ ಆಸ್ಪತ್ರೆ ಸಿಬ್ಬಂದಿಗೆ ಸಮಗ್ರ ಮಾರ್ಗದರ್ಶಿ

ಬೆಳಗಿನ ಜಾವ ಐದೂವರೆ. ನೈಟ್ ಡ್ಯೂಟಿಯ ಕೊನೆಯ ಸುತ್ತು, ಸ್ಯಾಂಪಲ್ ತೆಗೆಯುವ ಹೊತ್ತು. ಹನ್ನೆರಡು ರೋಗಿಗಳಿಗೆ ನಾನೊಬ್ಬಳೇ. ಐದನೇ ಬೆಡ್‌ನ ಅಜ್ಜನ ರಕ್ತ ತೆಗೆದು ಟ್ಯೂಬಿಗೆ ತುಂಬಿಸಿದೆ. ಅಭ್ಯಾಸಬಲದಿಂದ ಸೂಜಿಗೆ ಕ್ಯಾಪ್ ಹಾಕಲು ಹೋದೆ. ಕ್ಯಾಪ್ ತಪ್ಪಿತು, ಸೂಜಿ ಎಡಗೈ ತೋರುಬೆರಳಿಗೆ ಇಳಿಯಿತು. ಗ್ಲೌಸ್ ಒಳಗೆ ಸಾಸಿವೆ ಕಾಳಿನಷ್ಟು ಕೆಂಪು ಚುಕ್ಕೆ. ನೋಡನೋಡುತ್ತಿದ್ದಂತೆ ಅದು ಹರಡಿತು. ಗ್ಲೌಸ್ ಬಿಚ್ಚಿ, ಸ್ಪಿರಿಟ್ ಹತ್ತಿ ಒತ್ತಿಕೊಂಡು, ಹೊಸ ಗ್ಲೌಸ್ ಹಾಕಿ ಆರನೇ ಬೆಡ್‌ಗೆ ಹೋದೆ. ಯಾರಿಗೂ ಹೇಳಲಿಲ್ಲ. ಇನ್‌ಚಾರ್ಜ್ ಸಿಸ್ಟರ್ ಬೈತಾರೆ ಎಂಬ ಭಯ ಒಂದು ಕಡೆ, ಇನ್ನೂ ಏಳು ಜನರ ಸ್ಯಾಂಪಲ್ ಬಾಕಿ ಇದೆ ಎಂಬ ಅವಸರ ಇನ್ನೊಂದು ಕಡೆ. ಎರಡು ದಿನ ಬಿಟ್ಟು ಆ ಅಜ್ಜನ ಕೇಸ್ ಶೀಟ್ ತೆರೆದೆ. ಎಚ್‌ಸಿವಿ ರಿಯಾಕ್ಟಿವ್, ಅಂದರೆ ಹೆಪಟೈಟಿಸ್ ಸಿ ಪರೀಕ್ಷೆ ಪಾಸಿಟಿವ್, ಎಂದು ಕೆಂಪು ಇಂಕಿನಲ್ಲಿ ಬರೆದಿತ್ತು.

ನನಗೆ ಸೋಂಕು ತಗುಲಲಿಲ್ಲ. ಆದರೆ ಅದು ಖಚಿತವಾಗಲು ಆರು ತಿಂಗಳು ಹಿಡಿಯಿತು. ಆ ಆರು ತಿಂಗಳೂ ಮನೆಯಲ್ಲಿ ಯಾರಿಗೂ ಹೇಳದೆ ಒಳಗೊಳಗೇ ಬೆಂದೆ. ಈಗ ಇನ್ಫೆಕ್ಷನ್ ಕಂಟ್ರೋಲ್ ನರ್ಸ್ ಆಗಿದ್ದೇನೆ. ಚುಚ್ಚಿಸಿಕೊಂಡವರು ನನ್ನ ಟೇಬಲ್ ಮುಂದೆ ಬಂದು ಕೂರುತ್ತಾರೆ. ಅವರಿಗೆ ಹೇಳುವುದನ್ನೆಲ್ಲ ಇಲ್ಲಿ ಕ್ರಮವಾಗಿ ಬರೆದಿದ್ದೇನೆ. ಸಿಸ್ಟರ್, ಡಾಕ್ಟರ್, ಲ್ಯಾಬ್ ಟೆಕ್ನಿಷಿಯನ್, ಡಯಾಲಿಸಿಸ್ ಟೆಕ್ನಿಷಿಯನ್, ಇಂಟರ್ನ್, ಆಯಾ, ಹೌಸ್‌ಕೀಪಿಂಗ್ ಅಕ್ಕಂದಿರು, ಎಲ್ಲರಿಗೂ ಇದು.

ಮೊದಲು ಇದನ್ನು ತಿಳಿದುಕೊಳ್ಳಿ

ಸೂಜಿಯಿಂದ ಮುಖ್ಯವಾಗಿ ಮೂರು ವೈರಸ್‌ಗಳ ಭಯ: ಲಿವರ್‌ಗೆ ಹತ್ತುವ ಹೆಪಟೈಟಿಸ್ ಬಿ ಮತ್ತು ಹೆಪಟೈಟಿಸ್ ಸಿ, ಜೊತೆಗೆ ಎಚ್‌ಐವಿ. ಹೆಪಟೈಟಿಸ್ ಬಿಗೆ ಲಸಿಕೆ ಇದೆ. ಎಚ್‌ಐವಿಗೆ ಚುಚ್ಚಿದ ಮೇಲೆ ತೆಗೆದುಕೊಳ್ಳುವ 28 ದಿನದ ಮಾತ್ರೆ ಇದೆ. ಹೆಪಟೈಟಿಸ್ ಸಿಗೆ ಎರಡೂ ಇಲ್ಲ. ಲಸಿಕೆ ಇನ್ನೂ ಬಂದಿಲ್ಲ. ಚುಚ್ಚಿದ ಕೂಡಲೇ ನುಂಗಿ ತಡೆಯಬಹುದಾದ ಮಾತ್ರೆಯನ್ನೂ ಯಾರೂ ಶಿಫಾರಸು ಮಾಡುವುದಿಲ್ಲ.

ಹಾಗಾದರೆ ಏನಿದೆ? ಸೋಂಕು ತಗುಲಿದರೆ ಅದನ್ನು ಬೇಗ ಕಂಡುಹಿಡಿಯುವ ಪರೀಕ್ಷೆ ಇದೆ. ಕಂಡುಹಿಡಿದ ಮೇಲೆ ಪೂರ್ತಿ ವಾಸಿ ಮಾಡುವ ಔಷಧಿ ಇದೆ. ಈ ಎರಡೂ ನಿಮಗೆ ಸಿಗಬೇಕಾದರೆ ನೀವು ಬಾಯಿಬಿಟ್ಟು ಹೇಳಲೇಬೇಕು, ಹೇಳಿದ ದಿನಾಂಕಕ್ಕೆ ಸರಿಯಾಗಿ ರಕ್ತ ಕೊಡಲೇಬೇಕು. ಈ ಇಡೀ ಬರಹದ ತಿರುಳು ಇಷ್ಟೇ.

ಎಷ್ಟು ಭಯಪಡಬೇಕು?

ಎಲ್ಲರೂ ಕೇಳುವ ಮೊದಲ ಪ್ರಶ್ನೆ ಇದು. ಲೆಕ್ಕ ಹೀಗಿದೆ. ಹೆಪಟೈಟಿಸ್ ಸಿ ಇರುವ ರೋಗಿಗೆ ಬಳಸಿದ ಸೂಜಿ ಸಾವಿರ ಸಲ ಚುಚ್ಚಿದರೆ ಸುಮಾರು 2 ಸಲ ಸೋಂಕು ಹತ್ತಬಹುದು. ಹಳೆಯ ಪುಸ್ತಕಗಳಲ್ಲಿ ಇದು ಶೇಕಡಾ 1.8, ಅಂದರೆ ಸಾವಿರಕ್ಕೆ 18 ಎಂದಿತ್ತು. ಹೊಸ ಅಧ್ಯಯನಗಳನ್ನು ನೋಡಿ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2020ರ ಮಾರ್ಗಸೂಚಿಯಲ್ಲಿ ಇದನ್ನು ಶೇಕಡಾ 0.2ಕ್ಕೆ ಇಳಿಸಿತು. ಹೋಲಿಸಿ ನೋಡಿ: ಎಚ್‌ಐವಿಗೆ ಇದೇ ಲೆಕ್ಕ ಸಾವಿರಕ್ಕೆ 3. ಲಸಿಕೆ ಹಾಕಿಸದವರಿಗೆ ಹೆಪಟೈಟಿಸ್ ಬಿ ತಗುಲುವುದು ಸಾವಿರಕ್ಕೆ 60ರಿಂದ 300.

ಇನ್ನೊಂದು ಮಾತು. ಈ 2 ಎಂಬುದು ರೋಗಿಗೆ ಸೋಂಕು ಇದ್ದರೆ ಮಾತ್ರ. ದೇಶದಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಸಾವಿರ ಜನರಲ್ಲಿ ಸುಮಾರು 3 ಜನರ ರಕ್ತದಲ್ಲಿ ಹೆಪಟೈಟಿಸ್ ಸಿ ಆಂಟಿಬಾಡಿ (ವೈರಸ್ ವಿರುದ್ಧ ದೇಹ ತಯಾರಿಸುವ ಪ್ರತಿಕಾಯ) ಕಂಡಿತ್ತು. ಆದರೆ ಡಯಾಲಿಸಿಸ್ ಯೂನಿಟ್‌ನಲ್ಲಿ, ಮೇಲಿಂದ ಮೇಲೆ ರಕ್ತ ಹಾಕಿಸಿಕೊಳ್ಳುವವರಲ್ಲಿ, ಸೂಜಿಯಿಂದ ಮಾದಕ ವಸ್ತು ತೆಗೆದುಕೊಳ್ಳುವವರಲ್ಲಿ ಇದು ಜಾಸ್ತಿ.

ಎಲ್ಲಾ ಚುಚ್ಚುವಿಕೆಯೂ ಒಂದೇ ಅಲ್ಲ. ಒಳಗೆ ಟೊಳ್ಳಿರುವ ಸೂಜಿ, ಅಂದರೆ ಸಿರಿಂಜ್ ಅಥವಾ ಕ್ಯಾನುಲಾದ ಸೂಜಿ, ಹೊಲಿಗೆ ಸೂಜಿಗಿಂತ ಅಪಾಯ. ಟೊಳ್ಳಿನಲ್ಲಿ ರಕ್ತ ಕೂತಿರುತ್ತದೆ. ಆಗಷ್ಟೇ ರಕ್ತನಾಳದಿಂದ ಹೊರಬಂದ ಸೂಜಿ, ಆಳವಾಗಿ ಇಳಿದ ಗಾಯ, ರೋಗಿಯ ರಕ್ತದಲ್ಲಿ ವೈರಸ್ ಪ್ರಮಾಣ ಹೆಚ್ಚಿರುವುದು, ಇವೆಲ್ಲ ಅಪಾಯ ಹೆಚ್ಚಿಸುತ್ತವೆ. ಗ್ಲೌಸ್ ಸೂಜಿಯನ್ನು ತಡೆಯುವುದಿಲ್ಲ, ನಿಜ. ಆದರೆ ಸೂಜಿಯ ಹೊರಮೈಗೆ ಅಂಟಿದ ರಕ್ತವನ್ನು ಒಂದಿಷ್ಟು ಒರೆಸಿಕೊಳ್ಳುತ್ತದೆ. ಗಾಯವಿಲ್ಲದ ಚರ್ಮದ ಮೇಲೆ ರಕ್ತ ಬಿದ್ದರೆ ಚಿಂತೆ ಬೇಡ. ಕಣ್ಣಿಗೆ ಸಿಡಿದು ಸೋಂಕು ಹತ್ತಿದ್ದು ಬಹಳ ಅಪರೂಪ. ಆದರೂ ಅಂಥ ಪ್ರಕರಣಗಳು ವರದಿಯಾಗಿರುವುದರಿಂದ ಅದನ್ನೂ ದಾಖಲಿಸಬೇಕು.

ಒಬ್ಬರ ಮಟ್ಟಿಗೆ ಅಪಾಯ ಸಣ್ಣದು. ಆದರೆ ಜಗತ್ತಿನ ಎಲ್ಲಾ ಆಸ್ಪತ್ರೆಗಳನ್ನು ಕೂಡಿಸಿದರೆ ಸಣ್ಣದಲ್ಲ. ಸೂಜಿ ಮತ್ತು ಚೂಪು ವಸ್ತುಗಳಿಂದ 2000ನೇ ಇಸವಿ ಒಂದರಲ್ಲೇ ಸುಮಾರು 16,000 ಆರೋಗ್ಯ ಕಾರ್ಯಕರ್ತರಿಗೆ ಹೆಪಟೈಟಿಸ್ ಸಿ ತಗುಲಿರಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿತ್ತು.

ಹೆಜ್ಜೆ 1: ಮೊದಲ ಐದು ನಿಮಿಷ

ಕೈಯಲ್ಲಿರುವ ಸೂಜಿಯನ್ನು ಶಾರ್ಪ್ಸ್ ಡಬ್ಬಿಗೆ, ಅಂದರೆ ಚೂಪು ವಸ್ತು ಹಾಕುವ ಗಟ್ಟಿ ಡಬ್ಬಿಗೆ ಹಾಕಿ. ಗಾಬರಿಯಲ್ಲಿ ಟ್ರೇ ಮೇಲೆ ಬಿಟ್ಟು ಓಡಿದರೆ ಇನ್ನೊಬ್ಬರಿಗೆ ಚುಚ್ಚುತ್ತದೆ. ಗ್ಲೌಸ್ ಬಿಚ್ಚಿ. ನಲ್ಲಿ ತಿರುಗಿಸಿ, ಹರಿಯುವ ನೀರಿನಲ್ಲಿ ಸೋಪು ಹಚ್ಚಿ ತೊಳೆಯಿರಿ. ಸಾಧಾರಣ ಕೈ ತೊಳೆಯುವ ಸೋಪು ಸಾಕು.

ಬೆರಳನ್ನು ಹಿಂಡಬೇಡಿ. "ಕೆಟ್ಟ ರಕ್ತ ಹೊರಗೆ ಹೋಗ್ಲಿ" ಎಂದು ಹಿಂಡುವುದು ನಮ್ಮಲ್ಲಿ ಬಹಳ ಬೇರೂರಿದ ಅಭ್ಯಾಸ. ಅದರಿಂದ ಲಾಭವಿಲ್ಲ, ಸುತ್ತಲಿನ ಮಾಂಸಕ್ಕೆ ಪೆಟ್ಟು ಅಷ್ಟೆ. ಬೆರಳನ್ನು ಬಾಯಿಗೆ ಇಟ್ಟುಕೊಳ್ಳುವುದಂತೂ ಬೇಡವೇ ಬೇಡ. ಮನೆಯಲ್ಲಿ ಹೊಲಿಯುವಾಗ ಸೂಜಿ ಚುಚ್ಚಿದರೆ ಬೆರಳು ತಾನಾಗಿ ಬಾಯಿಗೆ ಹೋಗುತ್ತದಲ್ಲ, ಆ ಕೈ ಇಲ್ಲೂ ಹಾಗೇ ಹೋಗಿಬಿಡುತ್ತದೆ. ಸ್ಪಿರಿಟ್, ಅಯೋಡಿನ್, ಹೈಪೋ (ನೆಲ ಒರೆಸುವ ಬ್ಲೀಚ್ ದ್ರಾವಣ) ಹಾಕಿ ಉಜ್ಜುವುದೂ ಬೇಡ. ಹೈಪೋ ನೆಲಕ್ಕೆ, ಗಾಯಕ್ಕಲ್ಲ. ನಾನು ಅವತ್ತು ಸ್ಪಿರಿಟ್ ಹತ್ತಿ ಒತ್ತಿದ್ದೂ ತಪ್ಪೇ.

ಕಣ್ಣಿಗೆ ಸಿಡಿದಿದ್ದರೆ ರೆಪ್ಪೆ ಬಿಡಿಸಿ ಹಿಡಿದು ನೀರು ಅಥವಾ ಸಲೈನ್ ಧಾರೆಯಾಗಿ ಬಿಡಿ. ಪಕ್ಕದಲ್ಲಿರುವವರು ಸಲೈನ್ ಬಾಟಲಿಗೆ ಐವಿ ಸೆಟ್ ಚುಚ್ಚಿ ಧಾರೆ ಬಿಟ್ಟರೆ ಸುಲಭ. ಕಾಂಟ್ಯಾಕ್ಟ್ ಲೆನ್ಸ್ ಇದ್ದರೆ ಹಾಗೇ ಒಮ್ಮೆ ತೊಳೆದು, ತೆಗೆದು, ಮತ್ತೆ ತೊಳೆಯಿರಿ. ಬಾಯಿಗೆ ಬಿದ್ದಿದ್ದರೆ ಉಗುಳಿ, ನೀರಿನಿಂದ ಹಲವು ಸಲ ಮುಕ್ಕಳಿಸಿ.

ಹೆಜ್ಜೆ 2: ಹೇಳಿ, ಬರೆಸಿ

ಎಲ್ಲರೂ ಎಡವುವುದು ಇಲ್ಲೇ. ಚುಚ್ಚಿದ ಗಾಯ ಎರಡು ದಿನಕ್ಕೆ ಮಾಯುತ್ತದೆ. ಕಣ್ಣಿಗೆ ಕಾಣದ್ದನ್ನು ಮನಸ್ಸು ಬೇಗ ಮರೆಸುತ್ತದೆ. "ಸಿಸ್ಟರ್, ನನಗೂ ಎಷ್ಟೋ ಸಲ ಚುಚ್ಚಿದೆ, ಏನಾಗಲ್ಲ ಬಿಡಿ" ಎಂದು ಸಮಾಧಾನ ಹೇಳುವ ಸೀನಿಯರ್‌ಗಳು ಪ್ರತಿ ವಾರ್ಡಿನಲ್ಲೂ ಇರುತ್ತಾರೆ. ಅವರ ಮನಸ್ಸು ಒಳ್ಳೆಯದೇ. ಆದರೆ ಅವರಲ್ಲಿ ಎಷ್ಟು ಜನ ಟೆಸ್ಟ್ ಮಾಡಿಸಿಕೊಂಡಿದ್ದಾರೆ ಎಂದು ಕೇಳಿ ನೋಡಿ. ಈ ವೈರಸ್ ಒಳಗೆ ಸೇರಿದರೆ ಹೆಚ್ಚಿನವರಿಗೆ ಯಾವ ಲಕ್ಷಣವೂ ಇರುವುದಿಲ್ಲ. ಕಣ್ಣು ಹಳದಿಯಾಗುವುದು ಕೆಲವರಿಗೆ ಮಾತ್ರ. ಹಾಗಾಗಿ "ಕಾಮಾಲೆ ಬಂದಿಲ್ಲ, ಅಂದ್ರೆ ಏನೂ ಇಲ್ಲ" ಎಂಬ ಲೆಕ್ಕ ಸರಿಯಲ್ಲ.

ಮೊದಲು ಡ್ಯೂಟಿ ಡಾಕ್ಟರ್‌ಗೆ, ಇನ್‌ಚಾರ್ಜ್ ಸಿಸ್ಟರ್‌ಗೆ ಹೇಳಿ. ರಾತ್ರಿಯಾದರೆ ಕ್ಯಾಶುಯಾಲ್ಟಿಗೆ ಹೋಗಿ. ಆಮೇಲೆ ನೀಡಲ್ ಸ್ಟಿಕ್ ಇಂಜುರಿ ಫಾರ್ಮ್ ತುಂಬಿ. ನಿಮ್ಮಲ್ಲಿ ಅಂಥ ಫಾರ್ಮ್ ಇಲ್ಲದಿದ್ದರೆ ಬಿಳಿ ಹಾಳೆಯಲ್ಲೇ ಬರೆದು, ಡ್ಯೂಟಿ ಡಾಕ್ಟರ್ ಸಹಿ ಮಾಡಿಸಿ, ಒಂದು ಫೋಟೋ ತೆಗೆದು ಇಟ್ಟುಕೊಳ್ಳಿ. ಏನು ಬರೆಯಬೇಕು ಎಂದರೆ, ಹೀಗೆ:

"ಮಾರ್ಚ್ 3, ಬೆಳಗಿನ ಜಾವ 5.40. ಮೇಲ್ ಮೆಡಿಕಲ್ ವಾರ್ಡ್. 5ನೇ ಬೆಡ್ ರೋಗಿಯ ರಕ್ತ ತೆಗೆದ 5 ಎಂಎಲ್ ಸಿರಿಂಜ್‌ನ ಸೂಜಿ, ಕ್ಯಾಪ್ ಹಾಕುವಾಗ ಎಡ ತೋರುಬೆರಳಿಗೆ ಚುಚ್ಚಿತು. ಒಂದು ಪದರ ಗ್ಲೌಸ್ ಇತ್ತು. ಸೂಜಿಯ ಮೇಲೆ ರಕ್ತ ಕಾಣುತ್ತಿತ್ತು. ಗಾಯದಿಂದ ರಕ್ತ ಬಂತು. 5.42ಕ್ಕೆ ಸೋಪು ನೀರಿನಲ್ಲಿ ತೊಳೆದೆ. ಹೆಪಟೈಟಿಸ್ ಬಿ ಲಸಿಕೆ ಮೂರು ಡೋಸ್ ಆಗಿದೆ."

ಇಷ್ಟು ಸಾಕು. ಕ್ಯಾಪ್ ಹಾಕಬಾರದಿತ್ತು ಎಂದು ಗೊತ್ತಿದ್ದೂ ಹಾಕಿದ್ದರೆ, ಅದನ್ನೂ ಇದ್ದದ್ದು ಇದ್ದ ಹಾಗೆ ಬರೆಯಿರಿ. ಇದು ತಪ್ಪೊಪ್ಪಿಗೆ ಪತ್ರ ಅಲ್ಲ. ಮುಂದೆ ಏನಾದರೂ ಆದರೆ ಕೆಲಸದಲ್ಲೇ ಆದದ್ದು ಎನ್ನಲು ನಿಮ್ಮ ಕೈಯಲ್ಲಿರುವ ದಾಖಲೆ ಇದು. ಆಸ್ಪತ್ರೆ, ಲ್ಯಾಬ್ ಕೆಲಸದಿಂದ ತಗುಲುವ ಸೋಂಕು ರೋಗವನ್ನು ನಮ್ಮ ಕಾನೂನು ವೃತ್ತಿ ಸಂಬಂಧಿ ಕಾಯಿಲೆ ಎಂದೇ ಪಟ್ಟಿ ಮಾಡಿದೆ. ಇಎಸ್‌ಐ ಇರುವವರಿಗೆ ಇದು ಇನ್ನೂ ಮುಖ್ಯ. ಕಾಗದವಿಲ್ಲದೆ ಯಾರೂ ಕೇಳುವುದಿಲ್ಲ.

ಇನ್‌ಚಾರ್ಜ್‌ಗಳಿಗೆ ಒಂದು ಮಾತು. ಹೇಳಲು ಬಂದವರಿಗೆ ಮೊದಲ ವಾಕ್ಯವೇ "ಯಾಕೆ ಹೀಗ್ಮಾಡಿದೆ?" ಆಗಬಾರದು. "ತೊಳೆದ್ಯಾ? ಬಾ, ಕೂತ್ಕೋ" ಎನ್ನಿ. ಒಬ್ಬರಿಗೆ ಬೈದರೆ ಮುಂದಿನ ಹತ್ತು ಜನ ಬಚ್ಚಿಡುತ್ತಾರೆ.

ಹೆಜ್ಜೆ 3: ಉಳಿದ ಎರಡು ವೈರಸ್‌ಗಳನ್ನು ಮರೆಯಬೇಡಿ

ಹೆಪಟೈಟಿಸ್ ಸಿ ಬಗ್ಗೆ ಬರೆಯುತ್ತಿದ್ದರೂ ಇದನ್ನು ಬಿಡುವ ಹಾಗಿಲ್ಲ. ಗಡಿಯಾರ ಓಡುವುದು ಆ ಎರಡಕ್ಕೇ. ರೋಗಿಗೆ ಎಚ್‌ಐವಿ ಇದೆ ಎಂದಾದರೆ ಅಥವಾ ಅನುಮಾನವಿದ್ದರೆ ತಡೆ ಮಾತ್ರೆಯ ಮೊದಲ ಡೋಸ್ ಎರಡು ಗಂಟೆಯೊಳಗೆ ಬಿದ್ದರೆ ಬಹಳ ಒಳ್ಳೆಯದು. 72 ಗಂಟೆ ದಾಟಿದರೆ ಪ್ರಯೋಜನವಿಲ್ಲ. ಹೆಪಟೈಟಿಸ್ ಬಿ ಲಸಿಕೆ ಪೂರ್ತಿ ಹಾಕಿಸಿ, ಆಂಟಿಬಾಡಿ ಟೈಟರ್ (ರಕ್ತದಲ್ಲಿ ಅದರ ಪ್ರಮಾಣ) 10ಕ್ಕಿಂತ ಮೇಲಿದೆ ಎಂದು ಒಮ್ಮೆ ಖಚಿತವಾಗಿದ್ದರೆ ಮತ್ತೇನೂ ಬೇಡ. ಲಸಿಕೆ ಆಗಿಲ್ಲದಿದ್ದರೆ ಅವತ್ತೇ ಮೊದಲ ಡೋಸ್ ಹಾಕಿಸಿಕೊಳ್ಳಿ. ರೋಗಿಗೆ ಹೆಪಟೈಟಿಸ್ ಬಿ ಇದ್ದರೆ ಅದರ ಜೊತೆಗೆ ಇಮ್ಯುನೋಗ್ಲೋಬ್ಯುಲಿನ್ (ಸಿದ್ಧ ಆಂಟಿಬಾಡಿಯ ಇಂಜೆಕ್ಷನ್) ಕೂಡ, ಸಾಧ್ಯವಾದಷ್ಟು 24 ಗಂಟೆಯೊಳಗೆ.

ಹೆಜ್ಜೆ 4: ರೋಗಿಯ ರಕ್ತ ಪರೀಕ್ಷೆ

ಯಾರ ರಕ್ತ ಚುಚ್ಚಿತು ಎಂಬುದು ಗೊತ್ತಿದ್ದರೆ ಅವರ ಪರೀಕ್ಷೆಯೇ ಮೊದಲು. ಇದನ್ನು ಚುಚ್ಚಿಸಿಕೊಂಡವರು ಹೋಗಿ ಕೇಳಬಾರದು. ಆ ಹೊತ್ತಿನಲ್ಲಿ ನಮ್ಮ ಮುಖ ನೋಡಿಯೇ ರೋಗಿ ಹೆದರುತ್ತಾರೆ. ಡ್ಯೂಟಿ ಡಾಕ್ಟರ್ ಹೋಗಿ ಮೆಲ್ಲಗೆ ಹೇಳಬೇಕು: "ಯಜಮಾನ್ರೇ, ನಿಮ್ಮ ರಕ್ತ ತೆಗೆಯುವಾಗ ನಮ್ಮ ಸಿಸ್ಟರ್ ಕೈಗೆ ಸೂಜಿ ತಾಗಿದೆ. ನಿಮ್ಮ ತಪ್ಪೇನಿಲ್ಲ. ಅವರಿಗೆ ಏನು ಚಿಕಿತ್ಸೆ ಕೊಡಬೇಕು ಅಂತ ತಿಳ್ಕೊಳ್ಳೋಕೆ ನಿಮ್ಮ ರಕ್ತದಲ್ಲಿ ಮೂರು ಟೆಸ್ಟ್ ಮಾಡ್ಬೇಕು. ದುಡ್ಡು ಕೊಡೋ ಹಾಗಿಲ್ಲ. ರಿಪೋರ್ಟ್ ಯಾರಿಗೂ ಹೇಳಲ್ಲ. ಒಪ್ಪಿಗೆ ಇದೆಯಾ?" ಈ ರೀತಿ ಕೇಳಿದಾಗ ಇಲ್ಲ ಎಂದ ರೋಗಿಗಳು ನನ್ನ ಅನುಭವದಲ್ಲಿ ಬಹಳ ಕಡಿಮೆ. ಎಚ್‌ಐವಿ ಪರೀಕ್ಷೆಗೆ ತಿಳಿಸಿ ಒಪ್ಪಿಗೆ ಪಡೆಯುವುದು 2017ರ ಎಚ್‌ಐವಿ ಕಾಯ್ದೆಯ ಪ್ರಕಾರ ಕಡ್ಡಾಯ. ಬಿಲ್ ರೋಗಿಯ ತಲೆಗೆ ಹೋಗದಂತೆ ಆಸ್ಪತ್ರೆ ನೋಡಿಕೊಳ್ಳಬೇಕು.

ಹೆಪಟೈಟಿಸ್ ಸಿಗೆ ಎರಡು ರೀತಿಯ ಪರೀಕ್ಷೆ ಇವೆ. ಇವುಗಳ ವ್ಯತ್ಯಾಸ ಗೊತ್ತಿಲ್ಲದೆ ತುಂಬಾ ಜನ ಕಷ್ಟಕ್ಕೆ ಬೀಳುತ್ತಾರೆ. ಒಂದು, ಆಂಟಿಬಾಡಿ ಪರೀಕ್ಷೆ. ಕಾರ್ಡ್ ಟೆಸ್ಟ್, ಎಲೈಸಾ ಎಲ್ಲ ಇದೇ. ದೇಹ ಈ ವೈರಸ್ಸನ್ನು ಯಾವಾಗಲಾದರೂ ಕಂಡಿದೆಯಾ ಎಂದಷ್ಟೇ ಅದು ಹೇಳುತ್ತದೆ. ವಾಸಿಯಾದ ಮೇಲೂ ಅದು ಪಾಸಿಟಿವ್ ಆಗಿಯೇ ಉಳಿಯುತ್ತದೆ. ಇನ್ನೊಂದು, ಎಚ್‌ಸಿವಿ ಆರ್‌ಎನ್‌ಎ, ಅಂದರೆ ವೈರಲ್ ಲೋಡ್. ಈಗ ರಕ್ತದಲ್ಲಿ ವೈರಸ್ ಇದೆಯಾ ಎಂದು ಇದು ಹೇಳುತ್ತದೆ.

ರೋಗಿಗೆ ಆರ್‌ಎನ್‌ಎ ಮಾಡಿಸುವುದೇ ಒಳ್ಳೆಯದು. ಆಗದಿದ್ದರೆ ಆಂಟಿಬಾಡಿ ಮಾಡಿ, ಪಾಸಿಟಿವ್ ಬಂದರೆ ಅದೇ ರಕ್ತದಲ್ಲಿ ಆರ್‌ಎನ್‌ಎ. ಆಂಟಿಬಾಡಿ ನೆಗೆಟಿವ್, ಇತ್ತೀಚೆಗೆ ಸೋಂಕು ತಗುಲುವಂಥದ್ದೇನೂ ಆಗಿಲ್ಲ ಎಂದರೆ ಹೆಪಟೈಟಿಸ್ ಸಿ ಮಟ್ಟಿಗೆ ನಿಮ್ಮ ಫಾಲೋಅಪ್ ಅಲ್ಲಿಗೇ ಮುಗಿಯಿತು. ಆರ್‌ಎನ್‌ಎ ನೆಗೆಟಿವ್ ಬಂದರೂ ಅಷ್ಟೇ. ಆದರೆ ಹಿಂದಿನ ನಾಲ್ಕು ತಿಂಗಳಲ್ಲಿ ರೋಗಿ ಸೂಜಿಯಿಂದ ಮಾದಕ ವಸ್ತು ತೆಗೆದುಕೊಂಡಿದ್ದಾರೆ ಎಂಬಂಥ ಅನುಮಾನವಿದ್ದರೆ ಆಂಟಿಬಾಡಿ ಒಂದನ್ನೇ ನಂಬಬೇಡಿ.

ಕಸದ ಚೀಲದ ಸೂಜಿ ಚುಚ್ಚಿದ್ದರೆ? ಯಾರ ರಕ್ತ ಎಂದು ಗೊತ್ತಾಗುವುದಿಲ್ಲ. ಆಗ ರೋಗಿ ಪಾಸಿಟಿವ್ ಎಂದೇ ತಿಳಿದು ಮುಂದಿನ ಹೆಜ್ಜೆಗೆ ಹೋಗಿ. ಸೂಜಿಯನ್ನೇ ಪರೀಕ್ಷೆಗೆ ಕಳಿಸುವುದು ಬೇಡ.

ಹೆಜ್ಜೆ 5: ನಿಮ್ಮ ರಕ್ತ, ನಿಮ್ಮ ಕ್ಯಾಲೆಂಡರ್

ಮೂರು ಸಲ ರಕ್ತ ಕೊಡಬೇಕು. ಮೇಲಿನ ಉದಾಹರಣೆಯ ಮಾರ್ಚ್ 3ನ್ನೇ ಇಟ್ಟುಕೊಳ್ಳೋಣ.

ಮೊದಲನೆಯದು 48 ಗಂಟೆಯೊಳಗೆ, ಅಂದರೆ ಮಾರ್ಚ್ 5ರ ಬೆಳಗಿನೊಳಗೆ. ಆಂಟಿಬಾಡಿ ಪರೀಕ್ಷೆ, ಪಾಸಿಟಿವ್ ಬಂದರೆ ಆರ್‌ಎನ್‌ಎ. ಇದು ಈಗ ಚುಚ್ಚಿದ್ದರ ಫಲಿತಾಂಶ ಅಲ್ಲ. ಚುಚ್ಚುವ ಮೊದಲು ನೀವು ಹೇಗಿದ್ದಿರಿ ಎಂಬುದರ ದಾಖಲೆ. ಮರುದಿನ ಕಾರ್ಡ್ ಟೆಸ್ಟ್ ಮಾಡಿಸಿ, ಒಂದೇ ಗೆರೆ ಬಂತು ಎಂದು ದೇವರಿಗೆ ಕೈ ಮುಗಿದು, ಮತ್ತೆ ಈ ಕಡೆ ತಲೆ ಹಾಕದವರನ್ನು ನಾನು ಎಷ್ಟೋ ನೋಡಿದ್ದೇನೆ. ಆಂಟಿಬಾಡಿ ಹುಟ್ಟಲು 8ರಿಂದ 11 ವಾರ ಬೇಕಾಗುತ್ತದೆ. ಮರುದಿನದ ನೆಗೆಟಿವ್ ನಂಬಿ ನಿಶ್ಚಿಂತೆಯಾಗಿ ಇರುವ ಹಾಗಿಲ್ಲ.

ಎರಡನೆಯದು 3ರಿಂದ 6 ವಾರದ ನಡುವೆ. ಮಾರ್ಚ್ 24ರಿಂದ ಏಪ್ರಿಲ್ 14. ಈ ಸಲ ಆರ್‌ಎನ್‌ಎ ಪರೀಕ್ಷೆಯೇ ಬೇಕು, ಆಂಟಿಬಾಡಿ ಸಾಲದು. ವೈರಸ್ ಒಳಗೆ ಸೇರಿದ್ದರೆ ಒಂದೆರಡು ವಾರದಲ್ಲೇ ರಕ್ತದಲ್ಲಿ ಸಿಗುತ್ತದೆ, ಹಾಗಾಗಿ ಈ ಹೊತ್ತಿಗೆ ಗೊತ್ತಾಗಿಬಿಡುತ್ತದೆ. ಇಲ್ಲಿ ನೆಗೆಟಿವ್ ಬಂದರೆ ಮುಕ್ಕಾಲು ಭಾರ ಇಳಿದ ಹಾಗೆ.

ಮೂರನೆಯದು 4ರಿಂದ 6 ತಿಂಗಳ ನಡುವೆ. ಜುಲೈ 3ರಿಂದ ಸೆಪ್ಟೆಂಬರ್ 3. ಮತ್ತೆ ಆಂಟಿಬಾಡಿ, ಪಾಸಿಟಿವ್ ಬಂದರೆ ಆರ್‌ಎನ್‌ಎ. ಎರಡನೆಯದು ನೆಗೆಟಿವ್ ಬಂತಲ್ಲ ಎಂದು ಇದನ್ನು ಬಿಡಬೇಡಿ. ಸೋಂಕಿನ ಶುರುವಿನಲ್ಲಿ ವೈರಸ್ ಒಮ್ಮೊಮ್ಮೆ ಕಾಣಿಸಿ, ಮರೆಯಾಗಿ, ಮತ್ತೆ ಕಾಣಿಸುವುದುಂಟು.

ಈ ದಿನಾಂಕಗಳನ್ನು ಚುಚ್ಚಿದ ದಿನವೇ ಮೊಬೈಲ್‌ನಲ್ಲಿ ರಿಮೈಂಡರ್ ಇಡಿ. ಮನೆಯ ಗೋಡೆ ಕ್ಯಾಲೆಂಡರ್‌ನಲ್ಲೂ ಒಂದು ಗುರುತು ಹಾಕಿ. ಆರು ತಿಂಗಳಲ್ಲಿ ವಾರ್ಡ್ ಬದಲಾಗಿರುತ್ತದೆ, ಇಂಟರ್ನ್‌ಶಿಪ್ ಮುಗಿದಿರುತ್ತದೆ, ಏಜೆನ್ಸಿ ಬದಲಾಗಿರುತ್ತದೆ. ಆಸ್ಪತ್ರೆ ನೆನಪಿಸುತ್ತದೆ ಎಂದು ಕಾಯಬೇಡಿ. ಲಿವರ್ ಫಂಕ್ಷನ್ ಟೆಸ್ಟ್ ನಾರ್ಮಲ್ ಬಂತು ಎಂದು ಇವನ್ನು ತಪ್ಪಿಸುವುದೂ ಬೇಡ. ವೈರಸ್ ಇದ್ದೂ ಎಲ್‌ಎಫ್‌ಟಿ ನಾರ್ಮಲ್ ಇರುವುದುಂಟು.

ಕಾಯುವ ತಿಂಗಳುಗಳಲ್ಲಿ ಮನೆ, ಮಕ್ಕಳು, ಕೆಲಸ

ನನಗೆ ಅತಿ ಕಷ್ಟವಾದದ್ದು ಇದೇ. ಮಗಳಿಗೆ ಆಗ ಎರಡು ವರ್ಷ. ಅವಳ ತಟ್ಟೆಯಲ್ಲಿ ಉಳಿದದ್ದನ್ನು ತಿನ್ನಲೂ ಹೆದರಿದ್ದೆ. ಆ ಹೆದರಿಕೆಗೆ ಕಾರಣವೇ ಇರಲಿಲ್ಲ. ಹೆಪಟೈಟಿಸ್ ಸಿ ಊಟ, ನೀರು, ಎಂಜಲು, ಅಪ್ಪುಗೆ, ಮುತ್ತು, ಕೆಮ್ಮು ಯಾವುದರಿಂದಲೂ ಹರಡುವುದಿಲ್ಲ. ಮುಖ್ಯವಾಗಿ ರಕ್ತದಿಂದ ರಕ್ತಕ್ಕೆ ಹರಡುತ್ತದೆ.

ಎದೆಹಾಲು ಕುಡಿಸುತ್ತಿದ್ದರೆ ಕುಡಿಸಿ. ತೊಟ್ಟು ಒಡೆದು ರಕ್ತ ಬರುತ್ತಿದ್ದರೆ ಮಾತ್ರ ಡಾಕ್ಟರ್ ಹತ್ತಿರ ಮಾತಾಡಿ. ಗಂಡ ಹೆಂಡತಿ ಸಂಬಂಧದಲ್ಲಿ ಬದಲಾವಣೆ ಬೇಡ, ಮಗುವಿನ ಯೋಚನೆ ಮುಂದೂಡಬೇಕಿಲ್ಲ. ಇದು ಹೆಪಟೈಟಿಸ್ ಸಿ ಮಟ್ಟಿಗೆ ಹೇಳಿದ್ದು. ಎಚ್‌ಐವಿ ಅನುಮಾನವೂ ಇದ್ದರೆ ಐಸಿಟಿಸಿಯಲ್ಲಿ (ಸರ್ಕಾರದ ಎಚ್‌ಐವಿ ಸಲಹೆ ಮತ್ತು ಪರೀಕ್ಷಾ ಕೇಂದ್ರ) ಬೇರೆ ಸಲಹೆ ಕೊಡುತ್ತಾರೆ, ಅದನ್ನು ಪಾಲಿಸಿ. ಕೆಲಸಕ್ಕೂ ಎಂದಿನಂತೆ ಬರಬಹುದು. ಮಾಡಬಾರದ್ದು ಒಂದೇ: ಫಾಲೋಅಪ್ ಮುಗಿಯುವವರೆಗೆ ರಕ್ತದಾನ ಬೇಡ. ಬ್ಲೇಡು, ರೇಜರ್, ಟೂತ್‌ಬ್ರಶ್ ಹಂಚಿಕೊಳ್ಳದಿರುವುದು ಯಾವತ್ತಿಗೂ ಒಳ್ಳೆಯದೇ.

ಇನ್ನೊಂದು ವಿಷಯ, ಇದು ನಮ್ಮ ಊರುಗಳದ್ದೇ. ವಿಷಯ ಕಿವಿಗೆ ಬಿದ್ದ ಕೂಡಲೇ ಮನೆಯವರು ಕಾಮಾಲೆಗೆ ನಾಟಿ ಔಷಧಿ ಕೊಡಿಸಲು ಹೊರಡುತ್ತಾರೆ. ಸೊಪ್ಪಿನ ರಸ, ಮೂಗಿಗೆ ಹನಿ, ಕೈಗೆ ಬರೆ. ಪ್ರೀತಿಯಿಂದಲೇ ಮಾಡುತ್ತಾರೆ. ಆದರೆ ಈ ವೈರಸ್‌ಗೆ ಅದು ಔಷಧಿಯಲ್ಲ. ಏನು ಹಾಕಿದ್ದಾರೆ ಎಂದು ಗೊತ್ತಿಲ್ಲದ ಕಷಾಯಗಳಿಂದ ಚೆನ್ನಾಗಿದ್ದ ಲಿವರ್‌ಗೇ ಪೆಟ್ಟು ಬೀಳಬಹುದು. ಮನೆಯವರಿಗೆ ಟೆಸ್ಟ್ ದಿನಾಂಕಗಳನ್ನು ತೋರಿಸಿ, "ಇಷ್ಟು ಮಾಡಿದ್ರೆ ಸಾಕು, ಇದಕ್ಕೆ ಒಳ್ಳೆ ಮಾತ್ರೆ ಇದೆ" ಎನ್ನಿ.

ಹೆಜ್ಜೆ 6: ಪಾಸಿಟಿವ್ ಬಂದರೆ

ಆರ್‌ಎನ್‌ಎ ಪಾಸಿಟಿವ್ ಬಂತು ಎಂದುಕೊಳ್ಳಿ. ಮೊದಲು ಉಸಿರು ಬಿಡಿ. ಇಂದಿನ ಕಾಲಕ್ಕೆ ಇದು ವಾಸಿಯಾಗುವ ಕಾಯಿಲೆ.

ಈ ವೈರಸ್ ಪತ್ತೆಯಾದದ್ದೇ 1989ರಲ್ಲಿ. ಅಲ್ಲಿಯವರೆಗೆ ಇದಕ್ಕೆ ಹೆಸರೂ ಇರಲಿಲ್ಲ, ಎ ಅಲ್ಲದ ಬಿ ಅಲ್ಲದ ಹೆಪಟೈಟಿಸ್ ಎನ್ನುತ್ತಿದ್ದರು. ಪತ್ತೆ ಮಾಡಿದ ಕೆಲಸಕ್ಕೆ ಹಾರ್ವೆ ಆಲ್ಟರ್, ಮೈಕೆಲ್ ಹೌಟನ್, ಚಾರ್ಲ್ಸ್ ರೈಸ್ ಅವರಿಗೆ 2020ರ ನೊಬೆಲ್ ಬಂತು. ಮೊದಲೆಲ್ಲ ಚಿಕಿತ್ಸೆ ಎಂದರೆ ಇಂಟರ್‌ಫೆರಾನ್ ಇಂಜೆಕ್ಷನ್. ತಿಂಗಳುಗಟ್ಟಲೆ ಚುಚ್ಚಿಸಿಕೊಳ್ಳಬೇಕು, ಜ್ವರ, ಮೈಕೈ ನೋವು, ಮನಸ್ಸು ಕುಗ್ಗುವುದು. ಇಷ್ಟೆಲ್ಲ ಪಟ್ಟರೂ ತುಂಬಾ ಜನರಿಗೆ ವಾಸಿಯಾಗುತ್ತಿರಲಿಲ್ಲ. ಅವತ್ತಿನ ಭಯವೇ ಇನ್ನೂ ಹಳಬರ ಮಾತಿನಲ್ಲಿ ಉಳಿದಿದೆ.

ಈಗ ಮಾತ್ರೆ. ಸಾಮಾನ್ಯವಾಗಿ ಸೋಫೋಸ್ಬುವಿರ್ ಜೊತೆ ಡಕ್ಲಾಟಾಸ್ವಿರ್, ಅಥವಾ ಸೋಫೋಸ್ಬುವಿರ್ ಜೊತೆ ವೆಲ್ಪಟಾಸ್ವಿರ್. ದಿನಕ್ಕೊಮ್ಮೆ, 12 ವಾರ. ನೂರಕ್ಕೆ 95ಕ್ಕಿಂತ ಹೆಚ್ಚು ಜನ ವಾಸಿಯಾಗುತ್ತಾರೆ. ಕೇಂದ್ರ ಸರ್ಕಾರದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ 2018ರ ಜುಲೈ 28ರಂದು ಶುರುವಾಯಿತು. ಅದರಡಿ ಪರೀಕ್ಷೆಯೂ ಮಾತ್ರೆಯೂ ಉಚಿತ. ನೀವು ಖಾಸಗಿ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದರೂ ಜಿಲ್ಲಾ ಆಸ್ಪತ್ರೆ ಅಥವಾ ಸರ್ಕಾರಿ ಮೆಡಿಕಲ್ ಕಾಲೇಜಿಗೆ ಹೋಗಿ ಹತ್ತಿರದ ಚಿಕಿತ್ಸಾ ಕೇಂದ್ರ ಎಲ್ಲಿದೆ ಎಂದು ಕೇಳಬಹುದು. ವೈರಲ್ ಲೋಡ್ ಪರೀಕ್ಷೆಗೆ ಹೊರಗೆ ದುಡ್ಡು ಜಾಸ್ತಿ. ದುಡ್ಡಿಲ್ಲ ಎಂದು ಪರೀಕ್ಷೆ ಬಿಡುವ ಮೊದಲು ಅಲ್ಲಿ ಕೇಳಿ ನೋಡಿ.

ಸೋಂಕು ತಗುಲಿದ ಕೆಲವರಲ್ಲಿ ವೈರಸ್ ತಾನಾಗಿ ಹೋಗುವುದುಂಟು. ಹಿಂದೆ ಅದಕ್ಕಾಗಿ ತಿಂಗಳುಗಟ್ಟಲೆ ಕಾಯುತ್ತಿದ್ದರು. ಈಗ ಕಾಯದೆ ಚಿಕಿತ್ಸೆ ಶುರುಮಾಡಿ ಎಂಬ ಸಲಹೆಯೇ ಹೆಚ್ಚು. ಸುಮ್ನೆ ಬಿಟ್ಟರೆ ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಅದು ದೀರ್ಘಕಾಲ ಉಳಿಯುತ್ತದೆ. ಹಾಗೆ ಉಳಿದವರಲ್ಲಿ ನೂರಕ್ಕೆ 15ರಿಂದ 30 ಜನರ ಲಿವರ್ 20 ವರ್ಷದೊಳಗೆ ಸಿರೋಸಿಸ್‌ಗೆ, ಅಂದರೆ ಲಿವರ್ ಗಟ್ಟಿಯಾಗಿ ಕೆಡುವ ಸ್ಥಿತಿಗೆ ತಿರುಗುತ್ತದೆ.

ಮಾತ್ರೆ ಶುರುವಾಗುವ ಮುಂಚೆ ಹೆಪಟೈಟಿಸ್ ಬಿ ಇದೆಯಾ ಎಂದು ನೋಡಿಸಿಕೊಳ್ಳಿ. ಇದ್ದರೆ ಸಿ ಇಳಿಯುವಾಗ ಬಿ ಏಳಬಹುದು. ಬೇರೆ ಮಾತ್ರೆ ನುಂಗುತ್ತಿದ್ದರೆ ಎಲ್ಲವನ್ನೂ ಹೇಳಿ, ಅದರಲ್ಲೂ ಟಿಬಿಯ ರಿಫಾಂಪಿಸಿನ್, ಫಿಟ್ಸ್‌ನ ಫೆನಿಟಾಯಿನ್, ಕಾರ್ಬಮಾಜೆಪೀನ್, ಹೃದಯದ ಅಮಿಯೋಡರೋನ್. ಮಾತ್ರೆ ಮುಗಿದ 12 ವಾರಕ್ಕೆ ಇನ್ನೊಂದು ಆರ್‌ಎನ್‌ಎ ಮಾಡಿಸಬೇಕು. ನೆಗೆಟಿವ್ ಬಂದರೆ ವಾಸಿಯಾಯಿತು ಎಂದರ್ಥ. ಆ ರಿಪೋರ್ಟ್ ಜೋಪಾನವಾಗಿ ಇಡಿ. ಮುಂದೆ ಗಲ್ಫ್‌ಗೋ ಬೇರೆ ಕಡೆಗೋ ಕೆಲಸಕ್ಕೆ ಹೋಗುವಾಗ ಮೆಡಿಕಲ್‌ನಲ್ಲಿ ಆಂಟಿಬಾಡಿ ಪಾಸಿಟಿವ್ ಎಂದೇ ಬರುತ್ತದೆ. ವೈರಸ್ ಇಲ್ಲ ಎಂದು ತೋರಿಸಲು ಈ ಕಾಗದ ಬೇಕು. ವಾಸಿಯಾದವರಿಗೆ ಮತ್ತೆ ಚುಚ್ಚಿದರೆ ಮತ್ತೆ ತಗುಲಬಹುದು ಎಂಬುದೂ ನೆನಪಿರಲಿ. ಅವರ ಫಾಲೋಅಪ್‌ನಲ್ಲಿ ಆಂಟಿಬಾಡಿಗೆ ಅರ್ಥವಿಲ್ಲ, ಆರ್‌ಎನ್‌ಎ ಮಾತ್ರ ಮಾಡಿಸಬೇಕು.

ಚೀಲ ಎತ್ತುವ ಕೈಗಳು

ನಾನು ಮೊದಲು ಕೆಲಸ ಮಾಡಿದ ಒಂದು ಆಸ್ಪತ್ರೆಯಲ್ಲಿ ಹೌಸ್‌ಕೀಪಿಂಗ್ ಅಕ್ಕ ಒಬ್ಬರಿದ್ದರು. ಕೆಂಪು ಚೀಲ ಕಟ್ಟಿ ಎತ್ತುವಾಗ ಒಳಗಿದ್ದ ಬಟರ್‌ಫ್ಲೈ ಸೂಜಿ ತೊಡೆಗೆ ಚುಚ್ಚಿತು. ಸೀರೆಯ ಮೇಲೆ ರಕ್ತದ ಕಲೆ ಕಂಡು ನಾನು ಕೇಳಿದ್ದು ಮೂರನೇ ದಿನಕ್ಕೆ. "ಸೂಪರ್‌ವೈಸರ್‌ಗೆ ಹೇಳಿದ್ರೆ ನಾಳೆಯಿಂದ ಬರ್ಬೇಡ ಅಂತಾರೆ ಸಿಸ್ಟರ್" ಎಂದರು. ಅವರಿಗೆ ಹೆಪಟೈಟಿಸ್ ಬಿ ಲಸಿಕೆಯ ಒಂದು ಡೋಸೂ ಆಗಿರಲಿಲ್ಲ. ಎಚ್‌ಐವಿ ಮಾತ್ರೆಯ ಸಮಯ ಮೀರುತ್ತಾ ಬಂದಿತ್ತು.

ಆ ಸೂಜಿಯನ್ನು ಕೆಂಪು ಚೀಲಕ್ಕೆ ಹಾಕಿದ್ದು ನಮ್ಮಲ್ಲೇ ಯಾರೋ ಒಬ್ಬರು, ಅಲ್ವಾ? ಒಣಗಿದ ರಕ್ತ ಅಲ್ಲವೇ, ಏನಾಗುತ್ತದೆ ಎನ್ನಬೇಡಿ. ಹೊರಗಿನ ಮೇಲ್ಮೈ ಮೇಲೆ ಈ ವೈರಸ್ 6 ವಾರದವರೆಗೂ ಬದುಕಬಲ್ಲದು. ಸಿರಿಂಜ್ ಒಳಗೆ 63 ದಿನದವರೆಗೆ ಬದುಕಿದ್ದನ್ನು ಲ್ಯಾಬ್ ಪರೀಕ್ಷೆಯಲ್ಲಿ ಕಂಡಿದ್ದಾರೆ.

2016ರ ಬಯೋಮೆಡಿಕಲ್ ತ್ಯಾಜ್ಯ ನಿಯಮಗಳು ಇದನ್ನು ಸ್ಪಷ್ಟವಾಗಿ ಹೇಳುತ್ತವೆ. ಸೂಜಿ, ಸೂಜಿ ಕೂತ ಸಿರಿಂಜ್, ಬ್ಲೇಡ್ ಎಲ್ಲ ಬಿಳಿ ಅರೆಪಾರದರ್ಶಕ ಗಟ್ಟಿ ಡಬ್ಬಿಗೆ. ಸೂಜಿಯಿಲ್ಲದ ಸಿರಿಂಜ್, ಐವಿ ಸೆಟ್, ಗ್ಲೌಸ್ ಕೆಂಪಿಗೆ. ರಕ್ತ ಹತ್ತಿದ ಬ್ಯಾಂಡೇಜ್ ಬಟ್ಟೆ, ಹತ್ತಿ ಹಳದಿಗೆ. ಗಾಜಿನ ವಯಲ್, ಒಡೆದ ಗಾಜು ನೀಲಿಗೆ. ತ್ಯಾಜ್ಯ ಮುಟ್ಟುವ ಎಲ್ಲರಿಗೂ ಹೆಪಟೈಟಿಸ್ ಬಿ ಮತ್ತು ಟೆಟನಸ್ ಲಸಿಕೆ ಹಾಕಿಸಬೇಕು ಎಂಬುದೂ ಅದೇ ನಿಯಮದಲ್ಲಿದೆ. ಏಜೆನ್ಸಿ ಮೂಲಕ ಬಂದವರು ಎಂದು ಅವರನ್ನು ಬಿಡುವಂತಿಲ್ಲ.

ಇನ್‌ಚಾರ್ಜ್ ಆಗಿರುವವರು ಇಷ್ಟು ಮಾಡಿ: ಹೌಸ್‌ಕೀಪಿಂಗ್‌ನವರ ಲಸಿಕೆ ಪಟ್ಟಿಯನ್ನು ನೀವೇ ಇಟ್ಟುಕೊಳ್ಳಿ. ಅವರಿಗೆ ದಪ್ಪ ರಬ್ಬರ್ ಗ್ಲೌಸ್, ಮುಚ್ಚಿದ ಶೂ ಕೊಡಿಸಿ. ಚೀಲವನ್ನು ಕತ್ತಿನ ಭಾಗ ಹಿಡಿದು ಎತ್ತಬೇಕು, ಮೈಗೆ ತಾಗಿಸಬಾರದು, ಕೈ ಹಾಕಿ ಒತ್ತಬಾರದು ಎಂದು ಮಾಡಿ ತೋರಿಸಿ. ಚುಚ್ಚಿದರೆ ಸೂಪರ್‌ವೈಸರ್‌ಗೆ ಕಾಯದೆ ನೇರವಾಗಿ ನಿಮ್ಮ ಹತ್ತಿರ ಬರಲು ಹೇಳಿ.

ಮತ್ತೆ ಚುಚ್ಚದಂತೆ

ಸೂಜಿಗೆ ಮತ್ತೆ ಕ್ಯಾಪ್ ಹಾಕಬೇಡಿ. ಹಾಕಲೇಬೇಕಾದ ಸಂದರ್ಭ ಬಂದರೆ ಕ್ಯಾಪನ್ನು ಟ್ರೇ ಮೇಲೆ ಮಲಗಿಸಿ, ಒಂದೇ ಕೈಯಿಂದ ಸೂಜಿಯನ್ನು ಅದರೊಳಗೆ ತೂರಿಸಿ ಎತ್ತಿ. ಇನ್ನೊಂದು ಕೈ ಬೆನ್ನ ಹಿಂದೆ ಇರಲಿ.

ಡಬ್ಬಿ ನರ್ಸಿಂಗ್ ಸ್ಟೇಷನ್‌ನಲ್ಲಿ ಇದ್ದು ರೋಗಿ ಮೂವತ್ತು ಹೆಜ್ಜೆ ದೂರ ಇದ್ದರೆ ಯಾರೇ ಆದರೂ ಕ್ಯಾಪ್ ಹಾಕುತ್ತಾರೆ. ಬರಿಯ ಸೂಜಿ ಹಿಡಿದು ವಾರ್ಡ್ ಉದ್ದಕ್ಕೂ ನಡೆಯಲು ಯಾರಿಗೆ ಧೈರ್ಯ? ನನಗೆ ಚುಚ್ಚಿದ್ದೂ ಹಾಗೆಯೇ. ಹಾಗಾಗಿ ಡಬ್ಬಿ ಟ್ರಾಲಿಯ ಮೇಲೆ, ಬೆಡ್ ಪಕ್ಕಕ್ಕೆ ಬರಬೇಕು. ಮುಕ್ಕಾಲು ತುಂಬಿದ ಕೂಡಲೇ ಮುಚ್ಚಿ ಬದಲಿಸಿ. ತುಂಬಿದ ಡಬ್ಬಿಗೆ ಸೂಜಿ ಒತ್ತುವಾಗ ಚುಚ್ಚಿಸಿಕೊಂಡವರೂ ನನ್ನ ಬಳಿ ಬಂದಿದ್ದಾರೆ.

ರೋಗಿ ಕೈ ಎಳೆದುಕೊಳ್ಳುವಂತಿದ್ದರೆ, ಮಗುವಾದರೆ, ಗೊಂದಲದಲ್ಲಿರುವ ಅಜ್ಜಿಯಾದರೆ, ಇನ್ನೊಬ್ಬರನ್ನು ಕರೆಯಿರಿ. ಓಟಿಯಲ್ಲಿ ಚಾಕು, ಸೂಜಿಯನ್ನು ಕೈಯಿಂದ ಕೈಗೆ ಕೊಡದೆ ಕಿಡ್ನಿ ಟ್ರೇಯಲ್ಲಿಟ್ಟು ದಾಟಿಸಿ, ಎರಡು ಗ್ಲೌಸ್ ಹಾಕಿ. ಸೇಫ್ಟಿ ಕ್ಯಾನುಲಾ ಕೊಡುವ ಆಸ್ಪತ್ರೆಯಾದರೆ ಅದರ ಲಾಕ್ ಕ್ಲಿಕ್ ಎನ್ನುವವರೆಗೆ ಕೈಬಿಡಬೇಡಿ. ರಕ್ತ ನೆಲಕ್ಕೆ ಚೆಲ್ಲಿದರೆ ಮೊದಲು ಟಿಶ್ಯೂ ಮುಚ್ಚಿ, ಮೇಲೆ 1% ಹೈಪೋ ಹೊಯ್ದು, ಹತ್ತು ನಿಮಿಷಕ್ಕೆ ಕಡಿಮೆಯಿಲ್ಲದಂತೆ ಬಿಟ್ಟು ಒರೆಸಿ. ಹೈಪೋ ಅವತ್ತವತ್ತೇ ಕಲಸಬೇಕು, ನಿನ್ನೆಯದ್ದಕ್ಕೆ ಬಲವಿರುವುದಿಲ್ಲ.

ನಾಳೆ ಡ್ಯೂಟಿಗೆ ಹೋದಾಗ ಮೂರು ವಿಷಯ ವಿಚಾರಿಸಿಕೊಂಡು ಬನ್ನಿ. ನೀಡಲ್ ಸ್ಟಿಕ್ ಫಾರ್ಮ್ ಯಾವ ಡ್ರಾಯರ್‌ನಲ್ಲಿದೆ? ರಾತ್ರಿ ಎರಡು ಗಂಟೆಗೆ ಚುಚ್ಚಿದರೆ ಎಚ್‌ಐವಿ ಮಾತ್ರೆಯ ಮೊದಲ ಡೋಸ್ ಯಾರ ಬೀಗದ ಕೈಯಲ್ಲಿದೆ? ನಿಮ್ಮ ಹೆಪಟೈಟಿಸ್ ಬಿ ಟೈಟರ್ ಎಷ್ಟು? ಆ ಹೌಸ್‌ಕೀಪಿಂಗ್ ಅಕ್ಕನ ಫಾಲೋಅಪ್‌ಗೆ ನಾನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಂಡಿದ್ದೆ. ನಾಲ್ಕನೇ ವಾರದ ಆರ್‌ಎನ್‌ಎ ನೆಗೆಟಿವ್ ಬಂತು. ಆರನೇ ತಿಂಗಳ ಆಂಟಿಬಾಡಿಯೂ ನೆಗೆಟಿವ್. ಹೆಪಟೈಟಿಸ್ ಬಿ ಲಸಿಕೆಯ ಮೂರನೇ ಡೋಸನ್ನೂ ಅವತ್ತೇ ಹಾಕಿಸಿಕೊಂಡರು. ರಿಪೋರ್ಟ್ ಓದಿ ಹೇಳಿದಾಗ ಅವರು ಆ ಕಾಗದವನ್ನು ನಾಲ್ಕು ಮಡಿಕೆ ಮಾಡಿ, ಬ್ಲೌಸಿನೊಳಗಿನ ಪರ್ಸಿಗೆ ಸೇರಿಸಿ, "ಇದನ್ನ ನಾನೇ ಇಟ್ಕೋತೀನಿ ಸಿಸ್ಟರ್" ಎಂದರು.